ನಾಲೆ ನಾಡಿನ ಜನ: ಮಂಡ್ಯದ ಜನಸಂಖ್ಯೆ ಏಕೆ ಬೆಳೆಯುತ್ತಿಲ್ಲ?

2011ರ ಜನಗಣತಿಯ ಅಂತಿಮ ಅಂಕಿಅಂಶಗಳ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769; ಅದಕ್ಕೂ ಹತ್ತು ವರ್ಷ ಮುಂಚೆ, 2001ರಲ್ಲಿ, ಇದೇ ಜಿಲ್ಲೆಯಲ್ಲಿ 17,63,705 ಜನರಿದ್ದರು. ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಏಳು ತಾಲ್ಲೂಕುಗಳೂ ಸೇರಿ ಒಂದು ದಶಕದಲ್ಲಿ ಹೆಚ್ಚಿದ ಜನ ಸುಮಾರು 42 ಸಾವಿರ ಮಾತ್ರ. ಹತ್ತು ವರ್ಷಗಳ ಅವಧಿಯಲ್ಲಿ ಜನಸಂಖ್ಯೆ ನೂರಕ್ಕೆ ಎಷ್ಟರಂತೆ ಏರಿತು ಎಂಬುದನ್ನು ಜನಸಂಖ್ಯಾಶಾಸ್ತ್ರದಲ್ಲಿ ದಶಕದ ಬೆಳವಣಿಗೆ ದರ ಎನ್ನುತ್ತಾರೆ. ಮಂಡ್ಯದ ಮಟ್ಟಿಗೆ ಅದು ಶೇ 2.38 ಆಗಿದ್ದರೆ, ಅದೇ ಅವಧಿಯಲ್ಲಿ ಕರ್ನಾಟಕದ ದರ ಶೇ 15.6, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟಿತ್ತು. ರಾಜ್ಯದಲ್ಲಿ ಇದಕ್ಕಿಂತ ಕಡಿಮೆ ದರವಿದ್ದದ್ದು ಚಿಕ್ಕಮಗಳೂರು ಮತ್ತು ಕೊಡಗಿನಲ್ಲಿ. ಆ ಎರಡೂ ಕಾಫಿ ತೋಟಗಳ ಮಲೆನಾಡು ಸೀಮೆಗಳಾಗಿದ್ದರೆ, ಮಂಡ್ಯ ಮೈದಾನದ ನೀರಾವರಿ ಜಿಲ್ಲೆ. ಕಾವೇರಿ, ಹೇಮಾವತಿ, ಲೋಕಪಾವನಿ, ಶಿಂಷಾ, ವೀರವೈಷ್ಣವಿ ಹೊಳೆಗಳು ಹರಿಯುವ, ಕಬ್ಬು ಮತ್ತು ಭತ್ತದ ಹೆಸರಿನಲ್ಲೇ ರಾಜ್ಯಕ್ಕೆಲ್ಲ ಪರಿಚಿತವಾದ ಜಿಲ್ಲೆ. ನೀರಿರುವಲ್ಲಿ ಜನ ನೆಲೆಸುತ್ತಾರೆ ಎಂಬ ಹಳೆಯ ನಂಬಿಕೆ ಇಲ್ಲಿ ಏಕೆ ಸೋತಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಈ ನೆಲದಲ್ಲಿ ಜನ ಹೇಗೆ ಕೂಡಿದರು, ಹೇಗೆ ಚದುರಿದರು ಎಂಬುದನ್ನು ಮೊದಲಿನಿಂದ ನೋಡುವುದು ಅಗತ್ಯ.

ಶ್ರೀರಂಗಪಟ್ಟಣದ ಸುತ್ತಲಿನ ಸೀಮೆಗೆ ಅಷ್ಟಗ್ರಾಮ ಎಂಬ ಹಳೆಯ ಹೆಸರಿದೆ. ಹೊಯ್ಸಳ ದೊರೆ ವಿಷ್ಣುವರ್ಧನನು ಹನ್ನೆರಡನೆಯ ಶತಮಾನದಲ್ಲಿ ಕಾವೇರಿಯ ಎರಡೂ ದಡಗಳ ಎಂಟೆಂಟು ಗ್ರಾಮಗಳನ್ನು ರಾಮಾನುಜಾಚಾರ್ಯರಿಗೆ ದಾನವಿತ್ತನೆಂದೂ, ಅವುಗಳ ಆಡಳಿತಕ್ಕೆ ಆಚಾರ್ಯರು ಹೆಬ್ಬಾರರನ್ನು ನೇಮಿಸಿದರೆಂದೂ ಪರಂಪರೆ ಹೇಳುತ್ತದೆ. ನದಿಯ ಉತ್ತರದ ಗ್ರಾಮಗಳು ಪಟ್ಟಣ ಅಷ್ಟಗ್ರಾಮವೆಂದೂ ದಕ್ಷಿಣದವು ಮೈಸೂರು ಅಷ್ಟಗ್ರಾಮವೆಂದೂ ಬಹುಕಾಲ ಕಂದಾಯದ ಲೆಕ್ಕಗಳಲ್ಲಿ ಉಳಿದವು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಮತ್ತು ಮೇಲುಕೋಟೆಗಳ ಸುತ್ತ ತಮಿಳು ಮಾತಾಡುವ ಶ್ರೀವೈಷ್ಣವ ಕುಟುಂಬಗಳು ನೆಲೆಯೂರಿದ್ದು ರಾಮಾನುಜರ ಪ್ರಭಾವದ ಫಲ. ಮನೆಯಲ್ಲಿ ತಮಿಳು, ಊರಿನಲ್ಲಿ ಕನ್ನಡ, ಪಾಠದಲ್ಲಿ ಸಂಸ್ಕೃತ ಎಂಬ ಮೂರು ನುಡಿಗಳ ಬದುಕು ಮೇಲುಕೋಟೆಯ ಅಯ್ಯಂಗಾರರದ್ದಾಯಿತು. ಆ ಮನೆತನಗಳಿಂದಲೇ ಪು. ತಿ. ನರಸಿಂಹಾಚಾರ್ ಅವರಂಥ ಕನ್ನಡ ಕವಿ ಬಂದರು. ಮೇಲುಕೋಟೆಯ ದೇವರಾದ ಚೆಲುವನಾರಾಯಣನ ಉತ್ಸವಮೂರ್ತಿಯನ್ನು ಮರಳಿ ತರುವಲ್ಲಿ ನೆರವಾದರೆಂಬ ಕಾರಣಕ್ಕೆ ದೇವಾಲಯ ಪ್ರವೇಶದ ವಿಶೇಷ ಹಕ್ಕನ್ನು, ಅದೂ ವರ್ಷದ ಕೆಲವೇ ದಿನಗಳ ಮಟ್ಟಿಗೆ, ಪಡೆದಿದ್ದ ತಿರುಕುಲದವರು ಎಂಬ ದಲಿತ ಸಮುದಾಯದ ನೆನಪೂ ಮೇಲುಕೋಟೆಯ ಸಮಾಜರಚನೆಯ ಭಾಗವೇ. 1454ರಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ಕಟ್ಟಿಸಿದವನು ನಾಗಮಂಗಲದ ತಿಮ್ಮಣ್ಣ ಹೆಬ್ಬಾರನೆಂಬುದನ್ನು ನೋಡಿದರೆ, ಇಂದು ನೀರಾವರಿಯ ತಾಲ್ಲೂಕು ಮತ್ತು ಒಣ ತಾಲ್ಲೂಕು ಎಂದು ಬೇರೆ ಬೇರೆಯಾಗಿ ಕಾಣುವ ಈ ಎರಡು ಊರುಗಳ ನಡುವೆ ಒಮ್ಮೆ ಎಷ್ಟು ಹತ್ತಿರದ ನಂಟಿತ್ತು ಎಂಬುದು ತಿಳಿಯುತ್ತದೆ.

ಜನಸಂಖ್ಯೆಯ ಏರಿಳಿತ ಎಷ್ಟು ತೀವ್ರವಾಗಿರಬಲ್ಲದು ಎಂಬುದಕ್ಕೆ ಶ್ರೀರಂಗಪಟ್ಟಣಕ್ಕಿಂತ ದೊಡ್ಡ ಉದಾಹರಣೆ ಕರ್ನಾಟಕದಲ್ಲಿ ಹಂಪೆಯೊಂದೇ ಇರಬಹುದು. 1610ರಲ್ಲಿ ರಾಜ ಒಡೆಯರ ವಶವಾದ ಈ ದ್ವೀಪನಗರ ಸುಮಾರು ಎರಡು ಶತಮಾನ ಮೈಸೂರಿನ ರಾಜಧಾನಿಯಾಗಿ ಬೆಳೆಯಿತು. ರಾಜಧಾನಿಗೆ ಕೈಕಸುಬಿನವರು ಬೇಕಾದಾಗ ಟಿಪ್ಪು ಸುಲ್ತಾನನು ಶಿರಾದಿಂದ 12 ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದು ಗಂಜಾಂ ಪೇಟೆಯಲ್ಲಿ ನೆಲೆಗೊಳಿಸಿದನೆಂದು ಗ್ಯಾಸೆಟಿಯರುಗಳು ದಾಖಲಿಸಿವೆ. ಅರಸನ ಆಜ್ಞೆಯಿಂದ ಒಂದು ಊರು ಬರಿದಾಗಿ ಇನ್ನೊಂದು ತುಂಬುವ ಇಂಥ ಬಲವಂತದ ವಲಸೆ ಆ ಕಾಲದ ರಾಜ್ಯಗಳಿಗೆಲ್ಲ ಪರಿಚಿತವಾಗಿತ್ತು. ಎಬ್ಬಿಸಲ್ಪಟ್ಟವರ ಮಾತು ಮಾತ್ರ ಯಾವ ದಾಖಲೆಯಲ್ಲೂ ಉಳಿಯಲಿಲ್ಲ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬ ಅಂದಾಜು 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನದು. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. 1799ರ ಮೇ 4ರಂದು ಕೋಟೆ ಬಿದ್ದು, ರಾಜಧಾನಿ ಮೈಸೂರಿಗೆ ಹೋಗಿ, ಜ್ವರದ ಕಾಟ ತಾಳಲಾರದೆ ಬ್ರಿಟಿಷರ ದಂಡೂ 1809ರಲ್ಲಿ ಬೆಂಗಳೂರಿಗೆ ತೆರಳಿದ ಮೇಲೆ ಈ ಪಟ್ಟಣ ಇಳಿಮುಖವಾಗಿ, 1901ರ ಜನಗಣತಿಯ ಹೊತ್ತಿಗೆ 8,584 ಜನರ ಸಣ್ಣ ಊರಾಗಿ ನಿಂತಿತ್ತು. ಬೆಂಗಳೂರು ದಂಡು ಪ್ರದೇಶದ ಹುಟ್ಟಿಗೆ ಶ್ರೀರಂಗಪಟ್ಟಣದ ಜ್ವರವೂ ಒಂದು ಕಾರಣವಾಯಿತು ಎಂಬುದನ್ನು ಮರೆಯುವಂತಿಲ್ಲ. ಈ ಸೀಮೆಯ ಜನ ಬೆಂಗಳೂರಿನತ್ತ ಹರಿಯುವುದಕ್ಕೆ ಎರಡು ಶತಮಾನಗಳ ಇತಿಹಾಸವಿದೆ.

ಜನರ ಓಡಾಟದ ಗುರುತು ಊರುಗಳ ಹೆಸರಿನಲ್ಲೂ ಇದೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇನೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ದಾಖಲೆಗಳಲ್ಲಿ ಅದು ಫ್ರೆಂಚ್ ರಾಕ್ಸ್ ಎನಿಸಿಕೊಂಡಿತು. ಇನ್ನು ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಗೆ ಜನಸಂಖ್ಯೆಯ ಇತಿಹಾಸದಲ್ಲಿ ಒಂದು ವಿಶೇಷ ಸ್ಥಾನವಿದೆ: ರೈತರು ಮಾಡಿದ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧೀಕರಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ 1847ರಲ್ಲಿಯೇ ಇಲ್ಲಿ ಆರಂಭವಾಗಿತ್ತು, ಮತ್ತು ಪಾಲಹಳ್ಳಿಯ ಸಕ್ಕರೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಪಡೆದಿತ್ತು. ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟುವುದಕ್ಕೆ ಎಂಟು ದಶಕಗಳಿಗೂ ಮುಂಚೆ ಕಾವೇರಿ ದಡದ ಒಂದು ಹಳ್ಳಿಯಲ್ಲಿ ಗದ್ದೆಯ ಕೆಲಸವಲ್ಲದ ಕಾರ್ಖಾನೆಯ ಕೆಲಸ ಇತ್ತೆಂಬುದು ಸಣ್ಣ ಸಂಗತಿಯಲ್ಲ. ಆ ಕಾರ್ಖಾನೆ ಉಳಿಯಲಿಲ್ಲ. ಅದರ ಹಿಂದಿದ್ದ ನೀರಿನ ವ್ಯವಸ್ಥೆ ಉಳಿಯಿತು. ಕೃಷ್ಣರಾಜಸಾಗರದ ಕನ್ನಂಬಾಡಿ ಕಟ್ಟೆಗಿಂತ ಎಷ್ಟೋ ಹಿಂದಿನವಾದ ವಿರಿಜಾ, ಚಿಕ್ಕದೇವರಾಯಸಾಗರ, ಬಂಗಾರದೊಡ್ಡಿ ನಾಲೆಗಳು ಇಂದಿಗೂ ಈ ಭಾಗದ ಗದ್ದೆಗಳಿಗೆ ನೀರುಣಿಸುತ್ತಿವೆ. ಈ ನಾಲೆಗಳ ಅಂಚಿನ ಊರುಗಳಲ್ಲಿ ಮನೆಗಳು ಒತ್ತಾಗಿ ಕೂಡಿರುವುದಕ್ಕೆ, ಗದ್ದೆಯ ಒಂದಿಷ್ಟೂ ನೆಲವನ್ನು ಮನೆಗೆ ಬಿಡಲು ಯಾರೂ ಒಪ್ಪದಿದ್ದದ್ದೇ ಕಾರಣ.

ನಾಲೆಯಿಲ್ಲದ ನೆಲಕ್ಕೆ ಬರಗಾಲ ಏನು ಮಾಡಬಲ್ಲದು ಎಂಬುದನ್ನು 1876ರಿಂದ 1878ರವರೆಗಿನ ದೊಡ್ಡ ಕ್ಷಾಮ ತೋರಿಸಿತು. 1871ರ ಎಣಿಕೆಯಲ್ಲಿ 50.55 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಕುಸಿಯಿತು. ಹುಟ್ಟಬೇಕಾಗಿದ್ದವರನ್ನು ಬಿಟ್ಟು ಬದುಕಿದ್ದವರನ್ನಷ್ಟೇ ಲೆಕ್ಕ ಹಾಕಿದರೂ ಸುಮಾರು ಎಂಟೂ ಮುಕ್ಕಾಲು ಲಕ್ಷ ಜನ ಎಣಿಕೆಯಿಂದ ಕಾಣೆಯಾಗಿದ್ದರು. ಸಂಸ್ಥಾನದ ಆಡಳಿತ ಮುಂದೆ ನೀರಾವರಿಯ ಮೇಲೆ ಅಷ್ಟು ಹಣ, ಅಷ್ಟು ಮನಸ್ಸು ಇಟ್ಟಿದ್ದಕ್ಕೆ ಈ ಸಾವುಗಳ ನೆನಪು ಬಹುಮಟ್ಟಿಗೆ ಕಾರಣವಾಗಿತ್ತು.

1911ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಕೃಷ್ಣರಾಜಸಾಗರದ ನಿರ್ಮಾಣ, ಆ ಬಳಿಕ ಇರ್ವಿನ್ ನಾಲೆ ಎಂದು ಹೆಸರಾಗಿ ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಕಾಲುವೆ, 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಇವು ಮೂರೂ ಸೇರಿ ಒಂದು ಹೊಸ ಜಿಲ್ಲೆಯನ್ನೇ ಹುಟ್ಟಿಸಿದವು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ಅಸ್ತಿತ್ವಕ್ಕೆ ಬಂತು. ಜಲಾಶಯದಲ್ಲಿ ಮುಳುಗಿದ ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳ ಜನ ಹೊಸ ಊರು ಕಟ್ಟಿಕೊಂಡರು. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಬಂದ ತಮಿಳು ಕಾರ್ಮಿಕರಿಂದ ಮಂಡ್ಯ ಪಟ್ಟಣದಲ್ಲಿ ತಮಿಳು ಕಾಲೊನಿ ಬೆಳೆಯಿತು. ಬೆಳಗೊಳದ ಕಾಗದದ ಕಾರ್ಖಾನೆ, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಗಳು ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ಯುವಕರಿಗೆ ಹತ್ತಿರದಲ್ಲೇ ಸಂಬಳದ ಕೆಲಸ ಒದಗಿಸಿದವು. ನಾಲೆಯ ಜೊತೆ ಮಲೇರಿಯಾವೂ ಬಂದಿತ್ತು. ನಿಂತ ನೀರಿನ ಗದ್ದೆಗಳ ಈ ಸೀಮೆ 1930ರ ದಶಕದಲ್ಲಿ ಜ್ವರದಿಂದ ನಲುಗಿದ್ದು, ಮಲೇರಿಯಾ ಹತೋಟಿಗೆ ಬಂದ ಮೇಲೆಯೇ ಜನಸಂಖ್ಯೆ ಏರತೊಡಗಿದ್ದು ಗಮನಾರ್ಹ. ಸುಮಾರು 11.5 ಲಕ್ಷವಿದ್ದ 1971ರ ಜನಸಂಖ್ಯೆ 1981ರಲ್ಲಿ ಸುಮಾರು 14.2 ಲಕ್ಷಕ್ಕೆ ಏರಿತು. ಆ ದಶಕದ ಬೆಳವಣಿಗೆ ದರ ಶೇ 22ಕ್ಕೂ ಹೆಚ್ಚು. ಅಲ್ಲಿಂದಾಚೆ ಶೇ 16, ಶೇ 7, ಕೊನೆಗೆ ಶೇ 2.38. ಮೂರೇ ದಶಕದಲ್ಲಿ ಇಷ್ಟು ಕಡಿದಾದ ಇಳಿತ ಯುದ್ಧವಾಗಲಿ ಬರಗಾಲವಾಗಲಿ ಇಲ್ಲದ ಕಾಲದಲ್ಲಿ ಅಪರೂಪ.

ಈ ಜನ ಯಾರು ಎಂಬ ಪ್ರಶ್ನೆಗೆ ಜನಗಣತಿ ಭಾಗಶಃ ಮಾತ್ರ ಉತ್ತರಿಸುತ್ತದೆ. 2011ರಲ್ಲಿ ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇ 14.7, ಪರಿಶಿಷ್ಟ ಪಂಗಡದವರು ಶೇ 1.2ರಷ್ಟಿದ್ದರು, ರಾಜ್ಯದ ಪ್ರಮಾಣ ಕ್ರಮವಾಗಿ ಶೇ 17 ಮತ್ತು ಶೇ 7ರಷ್ಟು. ಮುಸ್ಲಿಮರು ಶೇ 4ರಷ್ಟಿದ್ದು, ಅವರಲ್ಲಿ ಹೆಚ್ಚಿನವರು ಪಟ್ಟಣಗಳಲ್ಲಿ, ಅಂದರೆ ಶ್ರೀರಂಗಪಟ್ಟಣ, ನಾಗಮಂಗಲ, ಬೆಳ್ಳೂರು, ಕೃಷ್ಣರಾಜಪೇಟೆ, ಮಂಡ್ಯಗಳಲ್ಲಿ, ದಖನಿ ಉರ್ದುವನ್ನು ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ಉಳಿದ ಜಾತಿಗಳ ಎಣಿಕೆಯನ್ನು ಸ್ವತಂತ್ರ ಭಾರತದ ಜನಗಣತಿ ಈವರೆಗೆ ಪ್ರಕಟಿಸಿಲ್ಲವಾದರೂ, ಗಂಗಡಿಕಾರ ಒಕ್ಕಲಿಗರು ಜಿಲ್ಲೆಯ ಅತಿ ದೊಡ್ಡ ಸಮುದಾಯ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠ ಅವರ ಪ್ರಮುಖ ಧಾರ್ಮಿಕ ಕೇಂದ್ರ. ಸಂಖ್ಯೆಯಲ್ಲಿ ಹೆಚ್ಚಿದ್ದು, ಭೂಮಿಯನ್ನೂ ಊರಿನ ಅಧಿಕಾರವನ್ನೂ ಕೈಯಲ್ಲಿಟ್ಟುಕೊಂಡ ಸಮುದಾಯವನ್ನು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ‘ಪ್ರಬಲ ಜಾತಿ’ ಎಂದು ಕರೆದರು, ಮತ್ತು ಆ ಕಲ್ಪನೆ ಅವರಿಗೆ ಹೊಳೆದದ್ದು ಮೈಸೂರು ಸೀಮೆಯ ಒಕ್ಕಲಿಗ ಪ್ರಧಾನ ಹಳ್ಳಿಯೊಂದರ ಅಧ್ಯಯನದಿಂದಲೇ. ಪ್ರಬಲರ ಜೊತೆಗೆ ಬದುಕಿದ ಇತರರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಜಿಲ್ಲೆಯ ಚಿತ್ರ ಪೂರ್ತಿಯಾಗದು: ಹೊಳೆ ಅಂಚಿನ ಊರುಗಳ ಬೆಸ್ತರು, ಕುರಿ ಸಾಕಣೆಯ ಕುರುಬರು, ಹಿತ್ತಾಳೆ ಮತ್ತು ಪಂಚಲೋಹದ ವಿಗ್ರಹಗಳಿಂದ ನಾಗಮಂಗಲಕ್ಕೆ ಹೆಸರು ತಂದ ವಿಶ್ವಕರ್ಮರು, ಮೇಲುಕೋಟೆ ಮತ್ತು ಕೊಡಿಯಾಲದ ನೇಕಾರರು, ಲಿಂಗಾಯತರು, ಕಂಬದಹಳ್ಳಿಯ ಬಸದಿಗಳ ಕಾಲದಿಂದ ಉಳಿದು ಬಂದಿರುವ ಜೈನರು, ಮಡಿವಾಳರು, ಕುಂಬಾರರು. ಗದ್ದೆ ನಾಟಿಯಿಂದ ಕಬ್ಬು ಕಡಿಯುವವರೆಗೆ ನೀರಾವರಿಯ ಸಿರಿಯನ್ನು ದುಡಿದು ತಂದವರಲ್ಲಿ ದಲಿತರ ಪಾಲು ದೊಡ್ಡದು. ನಾಲೆಯ ನೀರು ಹರಿದ ಭೂಮಿಯಲ್ಲಿ ಅವರಿಗೆ ದಕ್ಕಿದ ಪಾಲು ಸಣ್ಣದು. ಈ ಅಸಮಾನತೆಯನ್ನು ಬದಿಗಿಟ್ಟು ಮಂಡ್ಯದ ಸಮೃದ್ಧಿಯ ಬಗ್ಗೆ ಬರೆಯುವುದು ನ್ಯಾಯವಲ್ಲ.

ಬೆಳವಣಿಗೆ ಕುಸಿದದ್ದಕ್ಕೆ ಮೊದಲ ಕಾರಣ ಕುಟುಂಬಗಳು ಚಿಕ್ಕದಾಗಿರುವುದು. ಒಬ್ಬ ಮಹಿಳೆ ತನ್ನ ಜೀವಿತಕಾಲದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಅಂದಾಜನ್ನು ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ತಂದೆತಾಯಿಗಳ ಜಾಗವನ್ನು ಅಷ್ಟೇ ಸಂಖ್ಯೆಯ ಮಕ್ಕಳು ತುಂಬಲು ಈ ದರ ಸುಮಾರು 2.1 ಇರಬೇಕಾಗುತ್ತದೆ, ಅದಕ್ಕೆ ಬದಲಿ ಮಟ್ಟ ಎಂದು ಹೆಸರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ದರ 1.7 ಇತ್ತು. ಹಳೆಯ ಮೈಸೂರು ಭಾಗದಲ್ಲಿ ಈ ಇಳಿತ ಉತ್ತರ ಕರ್ನಾಟಕಕ್ಕಿಂತ ಬೇಗ ಬಂತು, ಮತ್ತು ಅದಕ್ಕೆ ಹಿನ್ನೆಲೆಯೂ ಇದೆ: 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು, ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವೆಂದು ಗುರುತಿಸಲಾಗುತ್ತದೆ, ಮತ್ತು ಅವುಗಳಲ್ಲೊಂದು ಪಾಲಹಳ್ಳಿಯಿಂದ ಹೆಚ್ಚು ದೂರವಿಲ್ಲದ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿತ್ತು. ಹೆಣ್ಣುಮಕ್ಕಳ ಶಾಲೆ, ತಡವಾದ ಮದುವೆ, ಹೆರಿಗೆಯ ನಂತರದ ಶಸ್ತ್ರಚಿಕಿತ್ಸೆ, ಇವುಗಳ ಜೊತೆಗೆ ತಲೆಮಾರಿನಿಂದ ತಲೆಮಾರಿಗೆ ಹಿಸ್ಸೆಯಾಗುತ್ತ ಎಕರೆ, ಅರ್ಧ ಎಕರೆಗೆ ಇಳಿದ ಜಮೀನು ಕೂಡ ಎರಡೇ ಮಕ್ಕಳು ಸಾಕೆಂಬ ತೀರ್ಮಾನಕ್ಕೆ ಕುಟುಂಬಗಳನ್ನು ತಂದಿತು.

ಆದರೆ ಚಿಕ್ಕ ಕುಟುಂಬವೊಂದರಿಂದಲೇ ಶೇ 2.38ರ ದರ ಬರುವುದಿಲ್ಲ. ರಾಜ್ಯದ ಸರಾಸರಿಯಂತೆ ಬೆಳೆದಿದ್ದರೆ 2011ರಲ್ಲಿ ಮಂಡ್ಯದಲ್ಲಿ ಸುಮಾರು 20.4 ಲಕ್ಷ ಜನರಿರಬೇಕಿತ್ತು. ಇದ್ದವರು 18 ಲಕ್ಷ. ಈ ಎರಡೂ ಕಾಲು ಲಕ್ಷಕ್ಕೂ ಮಿಕ್ಕ ಅಂತರದ ಬಹುಪಾಲನ್ನು ವಲಸೆಯಿಂದಲ್ಲದೆ ವಿವರಿಸುವುದು ಕಷ್ಟ. 1950ರ ದಶಕದಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್, ಆ ಊರುಗಳಿಗೆ ವಂಗಲ ಮತ್ತು ದಲೇನ ಎಂಬ ಬದಲಿ ಹೆಸರು ಕೊಟ್ಟು, ಅವುಗಳ ನಡುವಿನ ವ್ಯತ್ಯಾಸವನ್ನು 1962ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ನಾಲೆ ನೀರು ಸಿಕ್ಕ ವಂಗಲ ಇನ್ನಷ್ಟು ಕೃಷಿಯಲ್ಲೇ ಬೇರೂರಿತು; ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ನೀರು ಸಿಗದ ದಲೇನದವರು ಮಂಡ್ಯದ ಕಾರ್ಖಾನೆ, ಕಚೇರಿ, ಗುತ್ತಿಗೆ ಕೆಲಸಗಳತ್ತ ಹೊರಟು ಹೊಸ ಆರ್ಥಿಕತೆಗೆ ಬೇಗ ಹೊಂದಿಕೊಂಡರು. ಒಂದು ಜೋಡಿ ಹಳ್ಳಿಗಳಲ್ಲಿ ಅವರು ಕಂಡದ್ದು ಈಗ ತಾಲ್ಲೂಕುಗಳ ಪ್ರಮಾಣದಲ್ಲಿ ಕಾಣುತ್ತದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲೆ ಬಯಲಿನವರು ಮೈಸೂರು ಹತ್ತಿರವಿರುವುದರಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸಗಾರರಾಗಬಲ್ಲರು. ಪಾಲಹಳ್ಳಿ, ಬೆಳಗೊಳಗಳಂಥ ಊರುಗಳಲ್ಲಿ ಇಂದು ಒಂದೇ ಮನೆಯೊಳಗೆ ಗದ್ದೆಯ ಬೇಸಾಯ, ಮೈಸೂರಿನ ಕಾರ್ಖಾನೆಯ ಕೆಲಸ, ಅಂಗಡಿಯ ವ್ಯಾಪಾರ ಮೂರೂ ಇರುವುದು ಸಾಮಾನ್ಯ. ರಾಗಿ, ಹುರುಳಿ, ತೆಂಗಿನ ನಾಗಮಂಗಲಕ್ಕೆ, ಹೇಮಾವತಿ ನೀರು ಒಂದಿಷ್ಟು ಭಾಗಕ್ಕಷ್ಟೇ ತಲುಪಿದ ಕೃಷ್ಣರಾಜಪೇಟೆಗೆ ಈ ಅನುಕೂಲವಿಲ್ಲ. ಅಲ್ಲಿಂದ ಹೊರಟವರು ಊರು ಬಿಟ್ಟೇ ಹೊರಟರು.

ಹೊರಟವರಲ್ಲಿ ಹೆಚ್ಚಿನವರು ಬೆಂಗಳೂರಿಗೆ ಹೋದರೆ, ಕೃಷ್ಣರಾಜಪೇಟೆ ಸೀಮೆಯ ಒಂದು ದೊಡ್ಡ ಗುಂಪು ಮುಂಬೈ ಸೇರಿ ಹೋಟೆಲು, ಆಟೊ, ಸಣ್ಣಪುಟ್ಟ ವ್ಯಾಪಾರಗಳಲ್ಲಿ ಬದುಕು ಕಟ್ಟಿಕೊಂಡಿತು. ಮುಂಬೈಯಲ್ಲಿ ಹೋಟೆಲ್ ಉದ್ಯಮಿಯಾಗಿದ್ದ ಕೆ. ಸಿ. ನಾರಾಯಣಗೌಡರು ಮರಳಿ ಬಂದು ಕೃಷ್ಣರಾಜಪೇಟೆಯ ಶಾಸಕರೂ ಸಚಿವರೂ ಆದದ್ದು ಈ ನಂಟಿನ ಬಲವನ್ನು ತೋರಿಸುತ್ತದೆ. ಆದರೆ ಈ ವಲಸೆಯ ನಿಜವಾದ ಗಾತ್ರ ರಾಜ್ಯಕ್ಕೆ ಅರಿವಾದದ್ದು 2020ರ ಮೇ ತಿಂಗಳಲ್ಲಿ. ಲಾಕ್‌ಡೌನ್‌ನಿಂದ ಕೆಲಸ ಕಳೆದುಕೊಂಡ ಮುಂಬೈವಾಸಿಗಳು ಬಸ್ಸು, ಕಾರು, ಸರಕು ವಾಹನಗಳಲ್ಲಿ ಊರಿಗೆ ಮರಳಿದಾಗ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಶಾಲೆ, ವಿದ್ಯಾರ್ಥಿನಿಲಯಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ಅವರಲ್ಲಿ ಸೋಂಕು ಕಂಡುಬಂದು ಕೆಲಕಾಲ ಮಂಡ್ಯ ರಾಜ್ಯದ ಅತಿ ಹೆಚ್ಚು ಪ್ರಕರಣಗಳ ಜಿಲ್ಲೆಗಳ ಸಾಲಿಗೆ ಸೇರಿತು. ದಶಕಗಳಿಂದ ಊರ ಹಬ್ಬಕ್ಕೆ ಹಣ, ಮನೆಗೆ ಮೋಲ್ಡು, ತಂಗಿಯ ಮದುವೆಗೆ ಒಡವೆ ಕಳಿಸುತ್ತಿದ್ದವರನ್ನೇ ಊರ ಬಾಗಿಲಲ್ಲಿ ತಡೆದ ಆ ದಿನಗಳು, ಹೋದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಯಾವ ಕಚೇರಿಯಲ್ಲೂ ಸಿದ್ಧ ಉತ್ತರವಿಲ್ಲ ಎಂಬ ಸತ್ಯವನ್ನೂ ಬಯಲಿಗಿಟ್ಟವು.

ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಪರಿಸ್ಥಿತಿಯನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. 2011ರಲ್ಲಿ ಸುಮಾರು 33 ಲಕ್ಷವಿದ್ದ ಅಲ್ಲಿನ ಜನಸಂಖ್ಯೆ 2023ರ ಗಣತಿಯಲ್ಲಿ 35 ಲಕ್ಷದ ಆಸುಪಾಸಿಗಷ್ಟೇ ಬಂದಿದೆ. ಜನನ ಕಡಿಮೆ, ವೃದ್ಧರು ಹೆಚ್ಚು, ಮೂರನೇ ಒಂದಕ್ಕಿಂತ ಹೆಚ್ಚು ಜನ ರಾಜಧಾನಿ ಮಾಂಟೆವಿಡಿಯೊದಲ್ಲೇ ನೆಲೆಸಿದ್ದಾರೆ. ಆದರೆ ಉರುಗ್ವೆಯ ಜನ ಬಹುಕಾಲದ ಹಿಂದೆಯೇ ನಗರವಾಸಿಗಳಾದವರು, ಮತ್ತು ಅಲ್ಲಿ ವೃದ್ಧಾಪ್ಯ ವೇತನದ ವ್ಯವಸ್ಥೆ ಗಟ್ಟಿಯಾಗಿ ಬೆಳೆದಿದೆ. ಮಂಡ್ಯದಲ್ಲಿ 2011ರಲ್ಲಿಯೂ ಪಟ್ಟಣವಾಸಿಗಳು ಶೇ 17 ಮಾತ್ರ. ರಾಜ್ಯದಲ್ಲಿ ಶೇ 38ಕ್ಕೂ ಹೆಚ್ಚು. ನಗರವಾಗುವುದಕ್ಕೆ ಮುಂಚೆಯೇ, ವೃದ್ಧರನ್ನು ನೋಡಿಕೊಳ್ಳುವ ವ್ಯವಸ್ಥೆ ಕಟ್ಟಿಕೊಳ್ಳುವುದಕ್ಕೆ ಮುಂಚೆಯೇ, ಬೆಳವಣಿಗೆ ನಿಂತ ಸಮಾಜವಿದು. ಕಷ್ಟ ಇರುವುದು ಅಲ್ಲಿಯೇ.

ಈಗ ಲಿಂಗಾನುಪಾತದ ವಿಚಾರ. ಪ್ರತಿ 1,000 ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕದಲ್ಲಿ 2001ರಲ್ಲಿ 986 ಇದ್ದ ಮಂಡ್ಯದ ಸಂಖ್ಯೆ 2011ರಲ್ಲಿ 995ಕ್ಕೆ ಏರಿತು, ರಾಜ್ಯದ್ದು 973. ಹೆಣ್ಣು ಗಂಡು ಸಮಸಮ ಎನ್ನಿಸುವ ಈ ಸಂಖ್ಯೆಯನ್ನು ನೋಡಿ ಸಮಾಧಾನಪಡುವವರು ಅದರ ಪಕ್ಕದಲ್ಲೇ ಇರುವ ಇನ್ನೊಂದು ಸಂಖ್ಯೆಯನ್ನು ಓದಬೇಕು: ಆರು ವರ್ಷದೊಳಗಿನ ಮಕ್ಕಳಲ್ಲಿ ಪ್ರತಿ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 940ರ ಆಸುಪಾಸು, ಅಂದರೆ ರಾಜ್ಯದ ಸರಾಸರಿಯಾದ 948ಕ್ಕಿಂತ ಕಡಿಮೆ. ಜನಗಣತಿ ಜನರನ್ನು ಅವರು ವಾಸವಿರುವ ಜಾಗದಲ್ಲಿ ಎಣಿಸುವುದರಿಂದ, ದುಡಿಯುವ ವಯಸ್ಸಿನ ಗಂಡಸರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಲೆಕ್ಕಕ್ಕೆ ಸಿಕ್ಕರೆ ಊರಿನಲ್ಲಿ ಹೆಂಗಸರ ಪ್ರಮಾಣ ತಾನಾಗಿ ಏರುತ್ತದೆ. ಹೀಗಾಗಿ 995 ಎಂಬುದು ಬಹುಮಟ್ಟಿಗೆ ಗಂಡಸರು ಊರು ಬಿಟ್ಟಿರುವ ಗುರುತು. ಹೆಣ್ಣಿನ ಬಗ್ಗೆ ಸಮಾಜದ ಮನಸ್ಸು ಏನೆಂಬುದು ಗೊತ್ತಾಗುವುದು ಮಕ್ಕಳ ಸಂಖ್ಯೆಯಲ್ಲಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆ ಮತ್ತು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಬೆನ್ನಟ್ಟಿದಾಗ, ಅದರ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಸಮೀಪದ ಒಂದು ಆಲೆಮನೆಯಲ್ಲಿ ಎಂಬುದು ಹೊರಬಂತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ, ಪಾಕ ಬಂದಾಗ ಊರ ಮಕ್ಕಳು ಬಿಸಿ ಬೆಲ್ಲಕ್ಕೆ ಕೈಚಾಚುವ ಜಾಗ ಅದು. 1994ರ ಕಾಯ್ದೆ ಲಿಂಗ ಪತ್ತೆಯನ್ನು ನಿಷೇಧಿಸಿ ಮೂರು ದಶಕಗಳಾದ ಮೇಲೆ, 2024ರಲ್ಲಿ ಪಾಂಡವಪುರದಲ್ಲಿಯೂ ಇಂಥದೇ ಪ್ರಕರಣ ಬೆಳಕಿಗೆ ಬಂತು. ಎರಡೇ ಮಕ್ಕಳು ಸಾಕು ಎಂಬ ವಿವೇಕಕ್ಕೆ ಅವರಲ್ಲಿ ಒಂದಾದರೂ ಗಂಡಾಗಲೇಬೇಕು ಎಂಬ ಹಟ ಸೇರಿದಾಗ ಕುಟುಂಬ ಯೋಜನೆ ಕೊಲೆಯಾಗುತ್ತದೆ. ಈ ಮಾತನ್ನು ಮೆತ್ತಗೆ ಹೇಳುವುದರಿಂದ ಯಾರಿಗೂ ಒಳಿತಿಲ್ಲ.

ಹುಟ್ಟದೆ ಹೋದ ಹೆಣ್ಣುಮಕ್ಕಳ ಕೊರತೆ ಮದುವೆಯ ವಯಸ್ಸಿಗೆ ಬಂದಾಗ ಕಾಣಿಸಿಕೊಳ್ಳುತ್ತದೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಯುವಕರು ಸಾವಿರಾರು ಸಂಖ್ಯೆಯಲ್ಲಿ ಬಂದರೆ ಯುವತಿಯರು ಕೆಲವೇ ನೂರು ಇದ್ದರು. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಅವಿವಾಹಿತ ಯುವಕರು, ಅವರಲ್ಲಿ ಬಹುಪಾಲು ರೈತರು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳಲ್ಲಿ ಇದು ತಮಾಷೆಯ ಸುದ್ದಿಯಾದದ್ದು ಸರಿಯಲ್ಲ. ಮಕ್ಕಳ ಲಿಂಗಾನುಪಾತವಷ್ಟೇ ಈ ಕಷ್ಟಕ್ಕೆ ಕಾರಣವೂ ಅಲ್ಲ: ಓದಿದ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಕೊಟ್ಟಿಗೆ, ಗದ್ದೆ, ಅಡುಗೆಮನೆಗಳ ನಡುವೆ ಸವೆದ ತಮ್ಮ ತಾಯಂದಿರ ಬದುಕನ್ನು ಹತ್ತಿರದಿಂದ ಕಂಡವರು; ಕಬ್ಬಿನ ಬಾಕಿ ಹಣಕ್ಕೆ ಕಾಯುವ ಮನೆಗಿಂತ ತಿಂಗಳ ಸಂಬಳದ ಮನೆಯನ್ನು ಅವರೂ ಅವರ ಹೆತ್ತವರೂ ಆಯ್ಕೆ ಮಾಡುತ್ತಿದ್ದಾರೆ. ಅವರನ್ನು ದೂರುವ ಅಧಿಕಾರ ಯಾರಿಗೂ ಇಲ್ಲ.

ಜನ ಹೊರಟ ಜಾಗಕ್ಕೆ ಬೇರೆಯವರು ಬರುತ್ತಿದ್ದಾರೆ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಕುಟುಂಬಸಮೇತ ಬರುವ ಕೂಲಿಕಾರರು ಗದ್ದೆಯಂಚಿನಲ್ಲಿ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಆಲೆಮನೆಗಳ ಕೆಲಸಕ್ಕೆ ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು ಕನ್ನಡ ಕಲಿತು ನೆಲೆಸಿದ್ದೂ ಇದೆ. ಇವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಇವರ ಹೆಂಗಸರಿಗೆ ಬಾಣಂತನದ ನೆರವು ಎಲ್ಲಿ ಸಿಗುತ್ತದೆ ಎಂಬುದನ್ನು ಜಿಲ್ಲೆಯ ಪ್ರಶ್ನೆಯೆಂದು ಭಾವಿಸುವ ಕಾಲ ಬಂದಿದೆ.

ಜನಸಂಖ್ಯೆಯ ಬೆಳವಣಿಗೆ ಕುಗ್ಗಿದ್ದಕ್ಕೆ ಮಂಡ್ಯ ಒಮ್ಮೆ ಬೆಲೆ ತೆತ್ತಾಗಿದೆ. 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ನಡೆದ ವಿಧಾನಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಕೆರಗೋಡು ಮತ್ತು ಕಿರುಗಾವಲು ಕ್ಷೇತ್ರಗಳು ಇಲ್ಲವಾಗಿ, ಒಂಬತ್ತು ಸ್ಥಾನಗಳ ಜಿಲ್ಲೆ 2008ರ ಚುನಾವಣೆಗೆ ಏಳು ಸ್ಥಾನಗಳ ಜಿಲ್ಲೆಯಾಯಿತು. ಪಾಂಡವಪುರ ಕ್ಷೇತ್ರದ ಜಾಗದಲ್ಲಿ ಮೇಲುಕೋಟೆ ಕ್ಷೇತ್ರ ಬಂತು. ಹೊರಟುಹೋದವರ ಮತದ ಬಲ ಅವರು ಸೇರಿದ ನಗರಕ್ಕೆ ಹೋಯಿತು; ಅವರ ತಂದೆತಾಯಿಗಳು ಉಳಿದ ಹಳ್ಳಿಗೆ ಆಸ್ಪತ್ರೆ, ಬಸ್ಸು, ರಸ್ತೆ ಕೇಳುವ ದನಿ ಅಷ್ಟರಮಟ್ಟಿಗೆ ತಗ್ಗಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಜನರನ್ನು ಊರಲ್ಲೇ ಉಳಿಸುತ್ತದೆಯೋ ಇನ್ನಷ್ಟು ಬೇಗ ಕೊಂಡೊಯ್ಯುತ್ತದೆಯೋ ಎಂಬುದು, ಆ ದಾರಿಯ ಬದಿಯಲ್ಲಿ ಉದ್ಯೋಗ ಹುಟ್ಟುತ್ತದೆಯೇ ಎಂಬುದನ್ನು ಅವಲಂಬಿಸಿದೆ.

ಕೋವಿಡ್‌ನಿಂದಾಗಿ 2021ರಲ್ಲಿ ನಡೆಯದೆ ಉಳಿದ ಜನಗಣತಿಯನ್ನು 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟುಕೊಂಡು ನಡೆಸಲು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ, ಮತ್ತು ಅದರಲ್ಲಿ ಜಾತಿಯ ಎಣಿಕೆಯೂ ಸೇರಲಿದೆ. ಹುಟ್ಟಿದ ಊರು ಯಾವುದು, ಹಿಂದೆ ವಾಸವಿದ್ದ ಊರು ಯಾವುದು, ಅಲ್ಲಿಂದ ಬಂದದ್ದು ಏಕೆ ಎಂಬ ಪ್ರಶ್ನೆಗಳು ಜನಗಣತಿಯಲ್ಲಿ ವಾಡಿಕೆಯವು; ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ನಾಗಮಂಗಲದವರು, ಮುಂಬೈಯಲ್ಲಿರುವ ಕೃಷ್ಣರಾಜಪೇಟೆಯವರು, ಪಾಲಹಳ್ಳಿಯ ಗದ್ದೆಯಂಚಿನ ಜೋಪಡಿಯಲ್ಲಿರುವ ಕಬ್ಬು ಕಡಿಯುವವರು ಈ ಪ್ರಶ್ನೆಗಳಿಗೆ ಅವಸರವಿಲ್ಲದೆ, ನಿಜವಾದ ಉತ್ತರ ಬರೆಸಬೇಕು, ಮತ್ತು ಮನೆಯಲ್ಲಿರುವ ಹೆಣ್ಣುಮಕ್ಕಳ ಹೆಸರನ್ನು ಒಂದೂ ಬಿಡದಂತೆ ಹೇಳಬೇಕು.